ಕಹಿನೀರಿನ ಚರಗ

ಕಳಕಮ್ಮನ ಮೈದುನ ಅಂದಪ್ಪನಿಗೆ ಗೊತ್ತಿಲ್ಲದ ವಿಷಯ ಕರಿಮಟ್ಟಿಯಲ್ಲಿ ಯಾವುದೂ ಇರಲಿಲ್ಲ. ಮಳೆ ಯಾವಾಗ ಬರುತ್ತದೆಂದು ಅವನಿಗೆ ಗೊತ್ತಿತ್ತು. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಇನ್ನೂ ಚೆನ್ನಾಗಿ ಗೊತ್ತಿತ್ತು. ಜರ್ಮನಿಯವನ ಯುದ್ಧ ಎಲ್ಲಿಗೆ ಬಂತೆಂದು ಕುಕನೂರು ಸಂತೆಯಲ್ಲಿ ಅರ್ಧ ಕೇಳಿಕೊಂಡು ಬಂದು, ಉಳಿದರ್ಧ ತಾನೇ ಸೇರಿಸಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹಂಚುತ್ತಿದ್ದ. ಅವನಿಗೆ ಬಾರದ ಕೆಲಸವೆಂದರೆ ಒಂದೇ, ಬೆನ್ನು ಬಗ್ಗಿಸುವುದು. ಬಿತ್ತುವಾಗ ಮೊಣಕಾಲು ಹಿಡಿಯುತ್ತಿತ್ತು, ಕಳೆ ತೆಗೆಯುವಾಗ ಸೊಂಟ ಹಿಡಿಯುತ್ತಿತ್ತು. ಊಟಕ್ಕೆ ಕೂತಾಗ ಮಾತ್ರ ಏನೂ ಹಿಡಿಯುತ್ತಿರಲಿಲ್ಲ.

ಇಂಥವನು ಬಂದು ಕಳಕಮ್ಮನಿಗೆ, “ಅತ್ತಿಗೆವ್ವ, ಹೆಣ್ಣುಮಗಳ ಕೈಲೆ ಒಕ್ಕಲುತನ ಆಗೂದಲ್ಲ. ಹೊಲ ನನಗ ಬಿಡು. ನಮ್ಮನ್ಯಾಗ ಬಂದು ಎರಡು ರೊಟ್ಟಿ ತಿಂದು ಆರಾಮ ಇರು” ಎಂದ.

ಕಳಕಮ್ಮನ ಗಂಡ ಕರಿಬಸಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮಾವ ಬದುಕಿದ್ದಾಗಲೇ ಕರಿಮಣ್ಣಿನ ಎರೆಹೊಲವನ್ನು ನಡುವೆ ಒಂದು ಬದು ಹಾಕಿ ಇಬ್ಬರು ಮಕ್ಕಳಿಗೂ ಸರಿಸಮ ಮಾಡಿಕೊಟ್ಟಿದ್ದ. ಬದುವಿನ ಈ ಕಡೆ ಕಳಕಮ್ಮ, ಆ ಕಡೆ ಅಂದಪ್ಪ. ಗಂಡ ಹಾಸಿಗೆ ಹಿಡಿದ ಮೂರು ವರ್ಷವೂ, ಸತ್ತ ಮೇಲೆ ಎರಡು ವರ್ಷವೂ ಆ ಹೊಲವನ್ನು ಅವಳೇ ನಡೆಸಿದ್ದಳು. ಆಗೆಲ್ಲ ಹೆಣ್ಣುಮಗಳ ಕೈಲೆ ಆಗುತ್ತಿತ್ತು. ಈಗ, ಹೊಲ ಚೆನ್ನಾಗಿ ಎದ್ದು ನಿಂತ ಮೇಲೆ ಆಗದು ಎಂದು ಅಂದಪ್ಪನಿಗೆ ಹೊಳೆದಿತ್ತು.

ಆರಾಮ ಎಂದರೆ ಏನೆಂದು ಕಳಕಮ್ಮನಿಗೆ ಗೊತ್ತಿತ್ತು. ಮೈದುನನ ಅಡುಗೆಮನೆಯ ಮೂಲೆಯಲ್ಲಿ ಬೀಸುಕಲ್ಲಿನ ಪಕ್ಕ ಕೂತು, ಎಲ್ಲರ ಊಟ ಮುಗಿದ ಮೇಲೆ ತನ್ನ ತಾಟಿಗೆ ಏನು ಬೀಳುತ್ತದೋ ಎಂದು ಕಾಯುವುದು. ಹಸಿವಿಗೆ ಅವಳು ಹೆದರಿದವಳಲ್ಲ. ಹೆದರಿದ್ದು ಹಾಗೆ ಕಾಯುವುದಕ್ಕೆ.

ಮಾತು ಚಾವಡಿಗೆ ಹೋಯಿತು. ಊರಗೌಡ ದೇವೇಂದ್ರಪ್ಪ ತೀರ್ಪು ಹೇಳುವ ಮೊದಲು ಎಲ್ಲರ ಮುಖ ನೋಡಿ, ಯಾರ ದನಿ ದೊಡ್ಡದೋ ಅತ್ತ ವಾಲುವ ಮನುಷ್ಯ. ಆ ದಿನ ಅವನ ದುರ್ದೈವಕ್ಕೆ ಎರಡೂ ದನಿ ದೊಡ್ಡವಾಗಿದ್ದವು. ಮೀಸೆ ತಿರುವಿ, ಕೆಮ್ಮಿ, ಕೊನೆಗೆ ಹೇಳಿದ: “ಎರಡೂ ಒಂದ ಎರಿ, ಒಂದ ಮಳಿ. ಈ ಹಿಂಗಾರಿಗೆ ಇಬ್ಬರೂ ಒಂದ ದಿನ ಕಡ್ಲಿ ಬಿತ್ರಿ. ಕಳಕಮ್ಮನ ರಾಶಿ ಅಂದಪ್ಪನ ರಾಶಿಗಿಂತ ಕಡಿಮಿ ಬಂತಂದ್ರ ಹೊಲ ಅಂದಪ್ಪಗ. ಬರಲಿಲ್ಲಂದ್ರ ಆಕಿ ಜೀವ ಇರೂತನಕ ಆಕೀದು. ಮತ್ತ ಈ ಮಾತು ನನ್ನ ಕಟ್ಟಿ ಹತ್ತಬಾರದು.”

ಅಂದಪ್ಪ ಆಗಲೇ ಗೆದ್ದವನಂತೆ ಎದ್ದು ಹೋದ.

ಕಡಲೆ ಬಿತ್ತಿದರು. ಎರಡೂ ಹೊಲ ಒಂದೇ ಸಮ ಹುಟ್ಟಿದವು. ಬೆಳಗಿನ ಇಬ್ಬನಿ ಬೀಳುವ ಹೊತ್ತಿಗೆ ಎರಡೂ ಕಡೆ ಗಿಡ ಮೊಣಕಾಲಿಗೆ ಬಂದು, ನೇರಳೆ ಹೂ ಬಿಟ್ಟು, ಕಾಯಿ ಕಟ್ಟಲು ಸುರುಮಾಡಿತು. ಆಮೇಲೆ ಒಂದು ವಾರ ಮೋಡ ಮುಸುಕಿಕೊಂಡು ನಿಂತಿತು. ಆ ಮೋಡ ಕಂಡರೆ ಎರೆಸೀಮೆಯ ಎಲ್ಲ ಒಕ್ಕಲಿಗರಿಗೂ ಎದೆ ಹಾರುತ್ತದೆ. ಅದು ಸರಿಯುವುದರೊಳಗೆ ಹಸಿರು ಹುಳ ಬಿದ್ದಿರುತ್ತದೆ. ಎಳೆಯದಿದ್ದಾಗ ಎಲೆಯ ಕೆಳಗೆ ಅಂಟಿಕೊಂಡು ಎಲೆ ಕೆರೆಯುತ್ತದೆ. ಬಲಿತ ಮೇಲೆ ಕಾಯಿಗೆ ತೂತು ಕೊರೆದು, ತಲೆ ಒಳಗೆ ಹಾಕಿ ಕಾಳು ತಿಂದು, ಮುಂದಿನ ಕಾಯಿಗೆ ಹೋಗುತ್ತದೆ.

ಊರವರು ಆ ಹುಳಕ್ಕೆ ಮಾಡುತ್ತಿದ್ದ ಔಷಧವೆಂದರೆ ಬಯ್ಯುವುದು. ಕಟ್ಟೆಯ ಮೇಲೆ ಕೂತು ಹುಳವನ್ನು ಬೈದು, ಮೋಡವನ್ನು ಬೈದು, ಆಮೇಲೆ ಯಾರ ಪಾಪಕ್ಕೆ ಈ ಹುಳ ಬಂತೆಂದು ಪತ್ತೆ ಹಚ್ಚುತ್ತಿದ್ದರು. ಪಾಪ ಮಾಡಿದವರು ಯಾವಾಗಲೂ ಕಟ್ಟೆಯ ಮೇಲೆ ಇಲ್ಲದವರೇ ಆಗಿರುತ್ತಿದ್ದರು.

ಕಳಕಮ್ಮ ಬಯ್ಯುತ್ತಾ ಕೂಡಲಿಲ್ಲ. ಜೋಳ ತುಂಬಿಡುವ ನೆಲದ ಹಗೇವಿಗೆ ಬೇವಿನ ಸೊಪ್ಪು ಹಾಸಿದರೆ ನುಸಿ ಬೀಳುವುದಿಲ್ಲ ಎಂದು ಎಲ್ಲ ಹೆಂಗಸರಿಗೂ ಗೊತ್ತು. ಕಾಳಿಗೆ ಆಗುವುದು ಗಿಡಕ್ಕೆ ಯಾಕೆ ಆಗಬಾರದು ಎಂದು ಯೋಚಿಸಿದವಳು ಮಾತ್ರ ಇವಳೊಬ್ಬಳೇ. ಮೊದಲ ವರ್ಷ ಹಿತ್ತಲ ಬದನೆಗೆ ಸೊಪ್ಪು ಅರೆದು ಹಾಕಿ ನೋಡಿದಳು, ಅಷ್ಟಕ್ಕಷ್ಟೆ. ಬೀಜ ಕುದಿಸಿ ಕಷಾಯ ಮಾಡಿ ಹಾಕಿದಳು. ಹುಳ ಕುಡಿದು ಇನ್ನಷ್ಟು ದಪ್ಪಗಾಯಿತು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಮುಂಗಾರಿನಲ್ಲಿ ಉದುರಿದ ಬೇವಿನ ಬೀಜ ಆರಿಸಿ ನೆರಳಲ್ಲಿ ಒಣಗಿಸಿಡಬೇಕು. ಬೇಕಾದಾಗ ಒಳಕಲ್ಲಲ್ಲಿ ತರಿತರಿಯಾಗಿ ಕುಟ್ಟಿ, ಅರಿವೆಯಲ್ಲಿ ಗಂಟು ಕಟ್ಟಿ, ಗಡಿಗೆಯ ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಯಲು ಬಿಡಬೇಕು. ಬೆಂಕಿ ತೋರಿಸಬಾರದು. ಮರುದಿನ ಗಂಟು ಹಿಂಡಿ, ನೀರು ಎಲೆಗೆ ಅಂಟಿಕೊಳ್ಳಲೆಂದು ಅಂಟವಾಳದ ಕಾಯಿಯ ನೊರೆ ಬೆರೆಸಬೇಕು. ಹೊತ್ತು ಇಳಿದ ಮೇಲೆ ಕಸ ಗುಡಿಸುವ ಹಂಚಿಕಡ್ಡಿಯ ಬಾರಿಗೆಯನ್ನು ಅದರಲ್ಲಿ ಅದ್ದಿ, ಬಗ್ಗಿ, ಗಿಡಗಿಡಕ್ಕೂ ಕೆಳಗಿನಿಂದ ಮೇಲಕ್ಕೆ ಚಿಮುಕಿಸಬೇಕು. ಹುಳ ಇರುವುದು ಎಲೆಯ ಕೆಳಗೆ. ಮೇಲಿಂದ ಸುರಿದರೆ ಎಲೆಯೇ ಅದಕ್ಕೆ ಕೊಡೆ ಹಿಡಿದಂತಾಗುತ್ತದೆ. ಎಂಟು ದಿನಕ್ಕೊಮ್ಮೆ ಮತ್ತೆ ಅದೇ ಕೆಲಸ. ಹುಳ ಸತ್ತು ಬೀಳುವುದಿಲ್ಲ. ಬಾಯಿ ಕಹಿಯಾಗಿ, ತಿನ್ನುವುದು ಬಿಟ್ಟು, ಬಡವಾಗಿ ಉದುರುತ್ತದೆ.

ಬೀಜ ಆರಿಸುವಾಗ ಕಟ್ಟೆಯವರು ನಕ್ಕಿದ್ದರು. “ಕಳಕಮ್ಮ ಬೇವಿನೆಣ್ಣಿ ತಗದು ಗಾಣಿಗರ ಹೊಟ್ಟಿ ಮ್ಯಾಲ ಹೊಡೀತಾಳ” ಎಂದು ಅಂದಪ್ಪ ಕೂಗಿ ಹೇಳಿದ್ದ. ಅವಳು ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ. “ಕುಂತಲ್ಲೆ ಕುಂತು ನಿನ್ನ ಬುಡಕ್ಕ ಬೇರು ಬಿಟ್ಟಾವ ನೋಡು ಅಂದಪ್ಪಾ, ಮೊದಲು ಅವನ್ನ ಕಡ್ಕೋ” ಎಂದು ಮುಂದೆ ಹೋಗಿದ್ದಳು. ಊರಲ್ಲಿ ಅವಳ ನಾಲಿಗೆಗೆ ಹೆದರುವವರೇ ಹೆಚ್ಚು, ಅವಳನ್ನು ಇಷ್ಟಪಡುವವರು ಕಡಿಮೆ. ಅವಳ ಜತೆ ಕುಟ್ಟಲು, ಹಿಂಡಲು, ಹೊಲದಲ್ಲಿ ಬಗ್ಗಲು ಬರುತ್ತಿದ್ದವಳು ಹಿಂದಿನ ಓಣಿಯ ಹಜರತಬೀ ಒಬ್ಬಳೇ. ಅವಳು ಕಳಕಮ್ಮನ ಬೈಗುಳಕ್ಕೆ ಕಿವಿ ಕೊಡದೆ ಕೆಲಸಕ್ಕೆ ಕೈ ಕೊಡುವ ಹೆಂಗಸು.

ಮೋಡ ಸರಿದ ಮೂರನೆಯ ದಿನ ಅನ್ನಮ್ಮ ಬಂದಳು.

ಅನ್ನಮ್ಮ ಅಂದಪ್ಪನ ಹೆಂಡತಿ, ಕಳಕಮ್ಮನ ನೆಗೆಣ್ಣಿ. ಮೂರು ಮಕ್ಕಳ ತಾಯಿ. ಗಂಡ ಮಾತಾಡುವಾಗ ನೆಲ ನೋಡುವುದು, ಗಂಡ ಸುಮ್ಮನಿರುವಾಗಲೂ ನೆಲ ನೋಡುವುದು. ಹದಿನೈದು ವರ್ಷದಲ್ಲಿ ಅವಳ ಬಾಯಿಂದ ಒಂದು ಗಟ್ಟಿ ಮಾತು ಕಳಕಮ್ಮ ಕೇಳಿರಲಿಲ್ಲ. ಅಂದಪ್ಪನ ಮೇಲೆ ಕಳಕಮ್ಮನಿಗೆ ಸಿಟ್ಟಿತ್ತು. ಅನ್ನಮ್ಮನ ಮೇಲೆ ಅದೂ ಇರಲಿಲ್ಲ, ಬರೀ ತಾತ್ಸಾರವಿತ್ತು. ಬಾಯಿದ್ದೂ ಇಲ್ಲದಂಥವಳು, ಇವಳು ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡಿದ್ದಳು.

“ಅಕ್ಕಾ, ನಮ್ಮ ಹೊಲಕ್ಕೂ ಹುಳ ಬಿದ್ದಾವ” ಎಂದಳು ಅನ್ನಮ್ಮ ಬಾಗಿಲಲ್ಲೇ ನಿಂತು. “ನಿನ್ನ ಕಹಿನೀರು ಎರಡು ಕೊಡ ಕೊಡ್ತೀ ಏನು? ಅವರು ಕೇಳಿ ಬಾ ಅಂದ್ರು.”

“ಅವಗ ಕಾಲಿಲ್ಲೇನು?”

ಅನ್ನಮ್ಮ ನೆಲ ನೋಡಿದಳು. ಬಾಗಿಲಿಗೆ ಬಂದು ಬೇಡಿದವರನ್ನು ಬರಿಗೈಯಲ್ಲಿ ಕಳಿಸುವುದು ಕಳಕಮ್ಮನ ಜಾಯಮಾನದಲ್ಲಿ ಇರಲಿಲ್ಲ. ಎರಡು ಕೊಡ ತುಂಬಿ ಕೊಟ್ಟಳು. ಅನ್ನಮ್ಮ ಒಂದನ್ನು ತಲೆಗೇರಿಸಿ, ಇನ್ನೊಂದನ್ನು ಸೊಂಟಕ್ಕಿಟ್ಟು, ಹೊರಡುವ ಮುಂಚೆ ಕೇಳಿದಳು: “ಇದನ್ನ ಹ್ಯಾಂಗ ಹಾಕಬೇಕಕ್ಕಾ?”

ಹೇಳಲು ಎಷ್ಟು ಹೊತ್ತು ಬೇಕಾಗಿತ್ತು? ಒಂದು ಉಸಿರಿನ ಮಾತು. ಕಳಕಮ್ಮನ ನಾಲಿಗೆಯ ಮೇಲೆ ಅದು ಬಂದೂ ಬಂದಿತ್ತು. ಆದರೆ ಅಷ್ಟರಲ್ಲಿ ಅದಕ್ಕಿಂತ ಚುರುಕಾದ ಇನ್ನೊಂದು ಮಾತು ಮುಂದೆ ಬಂತು.

“ನಿನ್ನ ಗಂಡಗ ಗೊತ್ತಿಲ್ಲದ್ದು ಈ ಜಗತ್ತಿನಾಗ ಏನೈತಿ? ಅವನ್ನ ಕೇಳು, ಹೇಳ್ತಾನ.”

ಅನ್ನಮ್ಮ ಕೊಡ ಸರಿಮಾಡಿಕೊಂಡು ಹೊರಟುಹೋದಳು. ಬೀಜ ಕುಟ್ಟುತ್ತಿದ್ದ ಹಜರತಬೀ ಒನಕೆ ನಿಲ್ಲಿಸಿದಳು.

“ಹೇಳಿ ಕೊಡಬೇಕಿತ್ತು ಕಳಕವ್ವಾ. ಆಕಿ ಏನು ಮಾಡ್ಯಾಳ ನಿನಗ?”

“ಏನೂ ಮಾಡಿಲ್ಲ. ಹದಿನೈದು ವರ್ಷದಾಗ ಆಕಿ ಏನೂ ಮಾಡಿಲ್ಲ, ಅದ ಆಕಿ ತಪ್ಪು.”

ಮೂರು ದಿನಕ್ಕೆ ಎಳ್ಳ ಅಮಾವಾಸ್ಯೆ. ಆ ದಿನ ಆ ಸೀಮೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹೊಲದ ನಡುವೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತಾರೆ. ಬಸುರಿಗೆ ಸೀಮಂತ ಮಾಡಿದ ಹಾಗೆ ಭೂತಾಯಿಗೆ ಉಣಿಸುತ್ತಾರೆ. ಸಜ್ಜೆ ಕಡುಬು, ಪುಂಡಿಪಲ್ಯ, ಬದನೆಕಾಯಿ, ಅನ್ನ ಎಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಮುಂದೆ ಒಬ್ಬ ಅನ್ನ ಚೆಲ್ಲುತ್ತ “ಹುಲ್ಲುಲ್ಲಿಗ್ಯೋ” ಎಂದು ಕೂಗಿದರೆ, ಹಿಂದೆ ಒಬ್ಬ ನೀರು ಚಿಮುಕಿಸುತ್ತ “ಚಳ್ಳಂಬ್ರಿಗ್ಯೋ” ಎನ್ನುತ್ತಾನೆ. ಅನ್ನಕ್ಕೆಂದು ಕಾಗೆ, ಗೊರವಂಕಗಳು ಬರುತ್ತವೆ; ಬಂದವು ಅನ್ನ ಮುಗಿದ ಮೇಲೆ ಗಿಡದಲ್ಲಿನ ಹುಳವನ್ನೂ ಹೆಕ್ಕಿ ಹೋಗುತ್ತವೆ. ಹಿರಿಯರು ಸುಮ್ಮನೆ ಮಾಡಿದ್ದಲ್ಲ ಅದು.

ಕಳಕಮ್ಮ ಹಜರತಬಿಯ ಜತೆ ತನ್ನ ಹೊಲದಲ್ಲಿ ಪೂಜೆ ಮುಗಿಸಿ, ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಕೂತಿದ್ದಳು. ಬದುವಿನ ಆ ಕಡೆ ಅಂದಪ್ಪನ ಸಂಭ್ರಮ ನಡೆದಿತ್ತು. ಗೌಡ ದೇವೇಂದ್ರಪ್ಪನನ್ನು ಊಟಕ್ಕೆ ಕರೆದಿದ್ದ. ಹೊಸ ರುಮಾಲು ಸುತ್ತಿದ್ದ. ನಡುವೆ ದೊಡ್ಡ ಹರಿವಾಣದಲ್ಲಿ ಚರಗದ ಅನ್ನ. ಪಕ್ಕದಲ್ಲಿ, ಕಳಕಮ್ಮ ಗುರುತು ಹಿಡಿದಳು, ತನ್ನ ಕಹಿನೀರಿನ ಎರಡೂ ಕೊಡ ಹಾಗೇ ಇದ್ದವು. ಮೂರು ದಿನದಿಂದ ಮುಟ್ಟಿರಲಿಲ್ಲ.

“ನೋಡ್ರಿ ಗೌಡ್ರ, ಬುದ್ಧಿ ಅಂದ್ರ ಹಿಂಗಿರಬೇಕು” ಎಂದು ಅಂದಪ್ಪನ ದನಿ ಬದು ದಾಟಿ ಬಂತು. “ಮಂದಿ ಚರಗ ಬ್ಯಾರೆ ಚೆಲ್ತಾರ, ಔಷಧ ಬ್ಯಾರೆ ಹೊಡೀತಾರ. ಎರಡು ಸಲ ಯಾಕ ತಿರುಗಬೇಕು? ಚರಗದಾಗ ಔಷಧ ಕಲಸಿದ್ರ ಭೂತಾಯಿಗೂ ಮುಟ್ಟತೈತಿ, ಹುಳಕ್ಕೂ ಮುಟ್ಟತೈತಿ. ಒಂದ ಸುತ್ತಿಗೆ ಎರಡು ಕೆಲಸ!”

ಗೌಡ ತಲೆದೂಗಿದ. ಊಟಕ್ಕೆ ಕರೆದವನ ಮಾತಿಗೆ ತಲೆದೂಗುವುದು ಅವನಿಗೆ ರೂಢಿಯಾಗಿತ್ತು.

ಅಂದಪ್ಪ ಒಂದು ಕೊಡ ಎತ್ತಿ ಹರಿವಾಣಕ್ಕೆ ಸುರಿದ. ಕಡುಬು, ಪಲ್ಯ, ಅನ್ನ ಎಲ್ಲ ಕಹಿನೀರಲ್ಲಿ ಕೂತವು. ಇನ್ನೊಂದನ್ನು ಹಿಂದೆ ಚಿಮುಕಿಸುವವನ ಕೈಗೆ ಕೊಟ್ಟ. ಆಮೇಲೆ ಎದೆ ಉಬ್ಬಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಹೊಲದ ಅಂಚಿನಲ್ಲೇ ಒಂದು ಸುತ್ತು ನಡೆದ. “ಹುಲ್ಲುಲ್ಲಿಗ್ಯೋ” ಎಂದು ಮುಷ್ಟಿ ಅನ್ನ ಗಿಡಗಳ ತಲೆಯ ಮೇಲೆ ಎಸೆದ. ಹಿಂದಿನವನು ನಾಲ್ಕು ಹನಿ ಗಾಳಿಗೆ ಎರಚಿದ. ಹೊಲದ ಒಳಗಿನ ಗಿಡಕ್ಕೆ ಒಂದು ಹನಿಯೂ ಬೀಳಲಿಲ್ಲ.

ಕಾಗೆಗಳು ಇಳಿದವು. ಒಂದು ಕಡುಬು ಕುಟುಕಿತು, ತಲೆ ಕೊಡವಿತು, ನೆಲಕ್ಕೆ ಕೊಕ್ಕು ಒರೆಸಿತು. ಗಳಿಗೆಯಲ್ಲಿ ಒಂದಕ್ಕೊಂದು ಹೇಳಿದ ಹಾಗೆ ಎಲ್ಲವೂ ಎದ್ದು ಬದು ದಾಟಿ ಕಳಕಮ್ಮನ ಹೊಲಕ್ಕೆ ಬಂದು ಕೂತವು.

ಕಳಕಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಷ್ಟರಲ್ಲಿ ಹರಿವಾಣದಲ್ಲಿ ಉಳಿದ ಕಡುಬನ್ನು ಯಾರೋ ಪ್ರಸಾದವೆಂದು ಗೌಡನ ಎಲೆಗೆ ಬಡಿಸಿದರು. ಗೌಡ ಅರ್ಧ ಕಡುಬು ಬಾಯಿಗಿಟ್ಟ. ಮುಖ ಮೊದಲು ಕೆಂಪಗಾಯಿತು, ಆಮೇಲೆ ಕಪ್ಪಗಾಯಿತು. ಉಗುಳಿದರೆ ಭೂತಾಯಿಗೆ ಅಪಚಾರ, ನುಂಗಿದರೆ ತನಗೆ. ನುಂಗಿದ. ಕಣ್ಣೊರೆಸಿಕೊಂಡು, “ಭಾಳ ಛಲೋ ಆಗ್ಯಾವ” ಎಂದ. ಕಳಕಮ್ಮ ನೆಲಕ್ಕೆ ಬಿದ್ದು ನಗುವುದೊಂದು ಬಾಕಿ.

“ಇದು ನಗೂದಲ್ಲ” ಎಂದಳು ಹಜರತಬೀ. ಅವಳ ಮುಖದಲ್ಲಿ ನಗು ಇರಲಿಲ್ಲ. “ಇನ್ನೂ ಹೊತ್ತು ಮೀರಿಲ್ಲ. ಹುಳ ಎಲಿ ಕೆಳಗ ಅದಾವ, ಕಾಯಾಗ ಹೊಕ್ಕಿಲ್ಲ. ಬದು ದಾಟಿ ಒಂದು ಮಾತು ಹೇಳು. ಅವಗ ಬ್ಯಾಡ, ಅನ್ನವ್ವಗ ಹೇಳು.”

“ಹೇಳಿ? ಅವನ ರಾಶಿ ದೊಡ್ಡದಾಗಿ, ನಾ ಹೋಗಿ ಅವನ ಮನಿ ಮೂಲ್ಯಾಗ ಕೂಡ್ಲೇನು?”

“ನಿನ್ನ ಹೊಲ ನೀ ಬಗ್ಗಿ ಉಳಿಸ್ಕೊಂಡೀ. ಅವನು ಎಷ್ಟು ಬೆಳದ್ರೂ ನಿನಗಿಂತ ಹೆಚ್ಚು ಬೆಳೀತಾನೇನು? ನೀನೂ ಗೆಲ್ತೀ, ಆ ಕೂಸುಗಳೂ ಉಣ್ತಾವ.”

ಕಳಕಮ್ಮ ಬದುವಿನ ಆಚೆ ನೋಡಿದಳು. ಅನ್ನಮ್ಮ ಕಲ್ಲುಗಳ ಹತ್ತಿರ ನಿಂತು ಈ ಕಡೆಗೇ ನೋಡುತ್ತಿದ್ದಳು. ಅದೇ ಸಪ್ಪೆ ಮುಖ. ಅದನ್ನು ನೋಡಿ ಕಳಕಮ್ಮನಿಗೆ ಇನ್ನೂ ನಗು ಬಂತು. “ನಡಿ, ಹೊತ್ತಾತು” ಎಂದು ಎದ್ದಳು.

ಆಮೇಲೆ ಆಗಬೇಕಾದದ್ದೇ ಆಯಿತು. ಕಳಕಮ್ಮ ಮತ್ತು ಹಜರತಬೀ ಎಂಟು ದಿನಕ್ಕೊಮ್ಮೆ ಸಾಲು ಸಾಲು ಬಗ್ಗಿ ನಡೆದರು. ಬೆನ್ನು ನೆಟ್ಟಗೆ ಮಾಡಲು ರಾತ್ರಿ ಗೋಡೆ ಹಿಡಿಯಬೇಕಾಗುತ್ತಿತ್ತು. ಅವರು ಬಗ್ಗಿದಾಗೆಲ್ಲ ಅನ್ನಮ್ಮ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕಳಕಮ್ಮ ಕಂಡೂ ಕಾಣದಂತೆ ಇರುತ್ತಿದ್ದಳು. ಅಂದಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ತನ್ನ ಚರಗದ ಜಾಣತನವನ್ನು ಹಂಚುತ್ತಿದ್ದ. ಅದನ್ನು ಕೇಳಿ ಇನ್ನಿಬ್ಬರು ಮುಂದಿನ ವರ್ಷ ಹಾಗೇ ಮಾಡುವುದೆಂದು ನಿಶ್ಚಯಿಸಿದರು. ಹೊಲಕ್ಕೆ ಹೋಗಿ ನೋಡುವ ಪುರುಸೊತ್ತು ಮೂವರಿಗೂ ಇರಲಿಲ್ಲ.

ಕಡಲೆ ಕಿತ್ತು ಕಣಕ್ಕೆ ತಂದಾಗ ಊರೇ ನೋಡಲು ಬಂತು. ಕಳಕಮ್ಮನ ರಾಶಿ ಮೊಣಕಾಲು ಮುಚ್ಚುವಷ್ಟು ನಿಂತಿತ್ತು. ಅಂದಪ್ಪನ ಕಣದಲ್ಲಿ ಎತ್ತು ತುಳಿದದ್ದೇ ತುಳಿದದ್ದು. ತೂರಿದಾಗ ಗಾಳಿಗೆ ಹೊಟ್ಟು ಹಾರಿತು, ಕೆಳಗೆ ಬಿದ್ದದ್ದು ಎರಡು ಬುಟ್ಟಿ, ಅದರಲ್ಲೂ ಅರ್ಧ ತೂತು ಕಾಳು. ಯಾರೂ ಅಳೆಯಬೇಕಾಗಿರಲಿಲ್ಲ.

ಗೆದ್ದೆ ಎಂದುಕೊಂಡು ಕಳಕಮ್ಮ ಆ ಸಂಜೆ ಹೊಟ್ಟೆ ತುಂಬ ಉಂಡಳು. ಮರುದಿನ ಬೆಳಗ್ಗೆ ಚಾವಡಿಯಿಂದ ಕರೆ ಬಂತು.

ಅಂದಪ್ಪ ಎದೆ ಬಡಿದುಕೊಳ್ಳುವುದೊಂದೇ ಬಾಕಿ. “ವಿಷ ಕೊಟ್ಟಾಳ್ರಿ ಗೌಡ್ರ! ಔಷಧ ಅಂತ ಕೊಟ್ಟು ನನ್ನ ಚರಗ ಕೆಡಿಸ್ಯಾಳ. ಭೂತಾಯಿ ಬಾಯಿ ಕಹಿ ಆಗೇತಿ. ಕಾಗಿ ಸೈತ ಮುಟ್ಟಲಿಲ್ಲ, ನೀವ ನೋಡಿದ್ರಿ. ಹೊಟ್ಟಿಯೊಳಗ ಕೆಡಕ ಇಟಗೊಂಡು ಮಾಡಿದ ಕೆಲಸ. ಈ ಪಂಥ ಪಂಥ ಅಲ್ಲ. ಹೊಲ ನನಗ ಬರಬೇಕು.”

ಒಬ್ಬ ಮನುಷ್ಯ ತನ್ನ ಕೈಯಾರೆ ತನ್ನ ಹೊಲ ಹಾಳುಮಾಡಿಕೊಂಡು, ಅದಕ್ಕೆ ಪರಿಹಾರವಾಗಿ ಪಕ್ಕದ ಹೊಲ ಕೇಳುತ್ತಿದ್ದ. ಸುತ್ತ ಕೂತವರು ಇದರಲ್ಲೂ ಏನೋ ನ್ಯಾಯ ಇದೆ ಎಂಬಂತೆ ತಲೆ ತುರಿಸಿಕೊಂಡರು. ಗೌಡ ನಾಲಿಗೆಯನ್ನು ಒಂದು ಸಲ ಬಾಯೊಳಗೆ ತಿರುಗಿಸಿದ. ಆ ಕಡುಬು ಅವನಿಗೆ ಇನ್ನೂ ಮರೆತಿರಲಿಲ್ಲ.

“ಕಳಕಮ್ಮ, ನೀರು ಕೊಟ್ಟದ್ದು ನೀನ?”

“ನಾನ ಕೊಟ್ಟೀನ್ರಿ. ಅದ ನೀರು ನನ್ನ ಹೊಲಕ್ಕೂ ಹಾಕೀನಿ. ವಿಷ ಆಗಿದ್ರ ನನ್ನ ಕಡ್ಲಿ ಯಾಕ ಸಾಯಲಿಲ್ಲ?”

“ಅದು ಖರೆ. ಆದರ ಒಂದು ಮಾತು” ಎಂದ ಗೌಡ. ತೀರ್ಪಿಗೆ ಒಂದು ಕೊಕ್ಕೆ ಸಿಕ್ಕಿದ್ದಕ್ಕೆ ಅವನಿಗೇ ಖುಷಿಯಾದಂತಿತ್ತು. “ಅದನ್ನ ಹ್ಯಾಂಗ ಹಾಕಬೇಕಂತ ಹೇಳಿ ಕೊಟ್ಟಿ, ಇಲ್ಲಾ ಹೇಳದ ಕೊಟ್ಟಿ? ಹೇಳಿ ಕೊಟ್ಟಿದ್ರ ತಪ್ಪು ಅಂದಪ್ಪಂದು, ಹೊಲ ನಿಂದು. ಕೇಳಿದ್ರೂ ಹೇಳದ ಕೊಟ್ಟಿದ್ರ ಕೇಡು ಬಯಸಿ ಕೊಟ್ಟಂಗ. ಹೊಲ ಅವಂದು. ಹೇಳು.”

ಯಾವತ್ತೂ ತಡವರಿಸದ ಕಳಕಮ್ಮ ಈಗ ಒಂದೊಂದೇ ಮಾತು ತೂಗಿ ನೋಡಿದಳು. ಹೇಳಿದ್ದೆ ಎಂದು ಬಿಡಬಹುದಿತ್ತು. ಆದರೆ ಕಂಬದ ಹಿಂದೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಅನ್ನಮ್ಮ ನಿಂತಿದ್ದಳು. ಅವಳ ಒಂದು ಮಾತಿಗೆ ಆ ಸುಳ್ಳು ಸಾಯುತ್ತಿತ್ತು. ಹೇಳಲಿಲ್ಲ ಎಂದರೆ ಹೊಲ ಹೋಯಿತು, ಬೀಸುಕಲ್ಲಿನ ಮೂಲೆ ಬಂತು. ಚಾವಡಿಯ ಮೆಟ್ಟಿಲ ಕೆಳಗೆ ಹಜರತಬೀ ತನ್ನ ಕಾಲ ಬೆರಳು ನೋಡುತ್ತ ನಿಂತಿದ್ದಳು. ಕಳಕಮ್ಮನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇಂಥ ಮೂಢರ ಮುಂದೆ ತಪ್ಪಿತಸ್ಥಳಾಗಿ ನಿಲ್ಲುವಂಥ ಕೆಲಸವನ್ನು ತಾನೇ ಮಾಡಿಕೊಂಡಿದ್ದಳು.

“ಹೇಳಿದಳ್ರಿ” ಎಂಬ ದನಿ ಕಂಬದ ಹಿಂದಿನಿಂದ ಬಂತು.

ಎಲ್ಲರೂ ತಿರುಗಿದರು. ಅನ್ನಮ್ಮನ ದನಿ ಹೇಗಿರುತ್ತದೆಂದು ಊರಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ. ಅದು ಗಟ್ಟಿಯಾಗಿಯೇ ಇತ್ತು.

“ಅಕ್ಕ ನನಗ ಎಲ್ಲಾ ಹೇಳಿ ಕೊಟ್ಟಳ್ರಿ. ಹೊತ್ತು ಇಳದ ಮ್ಯಾಲ, ಬಾರಿಗಿ ಅದ್ದಿ, ಎಲಿ ಕೆಳಗ ಗಿಡಗಿಡಕ್ಕ ಬಗ್ಗಿ ಹೊಡೀಬೇಕು, ಎಂಟು ದಿನಕ್ಕೊಮ್ಮಿ ಹೊಡೀಬೇಕು ಅಂದ್ಳು. ನಾ ಬಂದು ಇವರಿಗೆ ಹೇಳ್ದೆ. ಗಿಡಗಿಡಕ್ಕ ಬಗ್ಗೂದು ಯಾರ ಕೈಲೆ ಆಗತೈತಿ ಅಂದ್ರು.”

ಮೊದಲು ಒಬ್ಬ ನಕ್ಕ. ಆಮೇಲೆ ಚಾವಡಿಯೇ ನಕ್ಕಿತು. ಅಂದಪ್ಪ ಹಾಗೆ ಹೇಳಿದ್ದಾನೆಂದರೆ ನಂಬದವರು ಯಾರು? ಅವನ ಬೆನ್ನು ಬಗ್ಗಿದ್ದನ್ನು ಕಂಡವರು ಆ ಊರಲ್ಲಿ ಇರಲಿಲ್ಲ. “ಸುಳ್ಳು! ಸುಳ್ಳು ಹೇಳ್ತಾಳ!” ಎಂದು ಅಂದಪ್ಪ ಕೂಗಿದ. ಹದಿನೈದು ವರ್ಷದಲ್ಲಿ ಅವನು ಹೇಳಿದ ಮೊದಲ ನಿಜ ಬಹುಶಃ ಅದೇ. ಅದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ.

“ಸಾಕು ಬಿಡೋ” ಎಂದ ಗೌಡ. “ಇಷ್ಟು ಮಂದಿ ಮುಂದ ಹೆಂಡ್ತಿ ಗಂಡನ ಮ್ಯಾಲ ಸುಳ್ಳು ಹೇಳ್ತಾಳೇನು? ಹೇಳಿದ ಮಾತು ಕೇಳದ, ಭೂತಾಯಿಗೂ ಕಹಿ ಉಣಿಸಿದಿ, ನನಗೂ ಉಣಿಸಿದಿ. ಹೊಲ ಕಳಕಮ್ಮಂದು.”

ಹೊಲ ಉಳಿಯಿತು. ಆ ರಾತ್ರಿ ಕಳಕಮ್ಮನಿಗೆ ಊಟ ಸೇರಲಿಲ್ಲ.

ಬೆಳಗಾದ ಮೇಲೆ ದೊಡ್ಡ ಬುಟ್ಟಿಯ ತುಂಬ ಕಡಲೆ ತುಂಬಿ, ತಲೆಯ ಮೇಲೆ ಹೊತ್ತು, ಮೈದುನನ ಮನೆಗೆ ಹೋದಳು. ಅಂದಪ್ಪ ಇರಲಿಲ್ಲ, ಇಷ್ಟಾದ ಮೇಲೂ ಕಟ್ಟೆಗೆ ಹೋಗಿದ್ದ. ಅನ್ನಮ್ಮ ಅಂಗಳ ಸಾರಿಸುತ್ತಿದ್ದಳು. ಎಡಗೆನ್ನೆ ಬಾತುಕೊಂಡಿತ್ತು. ಕಳಕಮ್ಮ ಅದನ್ನು ನೋಡಿ ಬುಟ್ಟಿ ಇಳಿಸಿದಳು.

“ಹೊಡದ್ನೇನು?”

“ಹ್ಞೂಂ. ಅದಕ್ಕ ಬೆನ್ನು ಬಗ್ಗಿಸೂದು ಬೇಕಾಗಂಗಿಲ್ಲ.”

“ಯಾಕ ಸುಳ್ಳು ಹೇಳ್ದಿ? ನಾ ನಿನಗ ಹೇಳಿರಲಿಲ್ಲ.”

“ಹೇಳಿರಲಿಲ್ಲ” ಎಂದಳು ಅನ್ನಮ್ಮ. ನೆಲ ನೋಡಲಿಲ್ಲ. “ಬದುವಿನ ಮ್ಯಾಲ ನಿಂತು ನೋಡಿ ಕಲತೆ. ಕಲಿಯೂದ್ರಾಗ ಹುಳ ಕಾಯಾಗ ಹೊಕ್ಕಿದ್ವು.”

“ಮತ್ತ ಯಾಕ ನನ್ನ ಉಳಿಸಿದಿ?”

“ನಿನ್ನ ಉಳಿಸಾಕಲ್ಲಕ್ಕಾ. ಆ ಹೊಲಾನೂ ಇವರ ಕೈಗೆ ಬಂದಿದ್ರ ಅದನ್ನೂ ಹಾಳು ಮಾಡ್ತಿದ್ರು. ಒಂದಾರ ಬೆಳೀಲಿ ಅಂತ ಹೇಳಿದೆ. ನನ್ನ ಮಕ್ಕಳು ಯಾರ ಹೊಲದ್ದಾರ ಉಣಬೇಕಲ್ಲ.”

ಈ ಊರಲ್ಲಿ ತನ್ನೊಬ್ಬಳಿಗೇ ತಲೆ ಇದೆ ಎಂದುಕೊಂಡಿದ್ದ ಕಳಕಮ್ಮ, ಬಾಯಿಲ್ಲದವಳೆಂದು ನಕ್ಕವಳ ಮುಂದೆ ಚಿಕ್ಕವಳಾಗಿ ನಿಂತಿದ್ದಳು. ಅದು ಅವಳಿಗೆ ಗೊತ್ತಾಯಿತು, ನೋವಾಯಿತು. ಮುಂದಿನ ವರ್ಷ ಇಬ್ಬರೂ ಕೂಡಿ ಬೀಜ ಆರಿಸೋಣ, ಕುಟ್ಟುವ ಹದ ಹೀಗೆ, ಅಂಟವಾಳ ಇಷ್ಟು ಎಂದು ಗಡಿಬಿಡಿಯಿಂದ ಹೇಳತೊಡಗಿದಳು. ಅನ್ನಮ್ಮ ಸಗಣಿಯ ಕೈ ತೊಳೆದುಕೊಂಡು, ಬುಟ್ಟಿಯನ್ನು ಒಳಗೆ ಒಯ್ದು ಸುರುವಿ, ಬರಿದು ಬುಟ್ಟಿ ತಂದು ಅವಳ ಕೈಗೆ ಕೊಟ್ಟಳು.

“ಬರ್ತೀನಿ, ಕಲೀತೀನಿ” ಎಂದಳು. “ಆದರ ಅಕ್ಕಾ, ಅವತ್ತ ಬಾಗಲದಾಗ ನಿಂತು ಕೇಳಿದಾಗ ಇಷ್ಟ ಹೇಳಿದ್ರ, ಇವತ್ತ ನಿನಗ ಈ ಬುಟ್ಟಿ ಹೊರೂದು ತಪ್ಪತಿತ್ತು, ನನಗ ಇಸಗೊಳ್ಳೂದು ತಪ್ಪತಿತ್ತು.”

ಕಳಕಮ್ಮ ಬರಿದು ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಅನ್ನಮ್ಮ ಮತ್ತೆ ಬಗ್ಗಿ ಅಂಗಳದ ಉಳಿದರ್ಧ ಸಾರಿಸತೊಡಗಿದಳು.